ಎರಡು ಪಗಾರ, ಒಂದು ಪಾಳಿ

(ನಮ್ಮೂರಿನ ವಾಚನಾಲಯದ ಮಹಡಿ ಕೋಣೆಯಲ್ಲಿ ಒಂದು ಭಾನುವಾರ ಸಂಜೆ ಆಡಿದ ಮಾತು ಇದು. ಮೊಬೈಲಿನಲ್ಲಿ ಹಿಡಿದ ಧ್ವನಿ ಕೇಳಿಕೊಂಡು ಬರೆದಿದ್ದೇನೆ. ಹೇಳಿದ್ದನ್ನೇ ಮತ್ತೆ ಹೇಳಿದ ಕಡೆ ಕತ್ತರಿ ಆಡಿಸಿದ್ದೇನೆ, ಜಗಳವಾದ ಕಡೆ ಹಾಗೇ ಬಿಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಕರಪತ್ರದಲ್ಲಿ ನನ್ನ ಹೆಸರಿನ ಹಿಂದೆ 'ಚಿಂತಕರು' ಅಂತ ಅಚ್ಚು ಹಾಕಿಸಿದ್ದಾರೆ. ಅದು ಇಲ್ಲಿನ ಗೆಳೆಯರ ಪ್ರೀತಿ, ಅಷ್ಟೇ. ನಾನು ಮಿಲಿಟರಿಯಲ್ಲಿ ಇದ್ದವನಲ್ಲ, ಅರ್ಥಶಾಸ್ತ್ರ ಓದಿದವನೂ ಅಲ್ಲ. ಬ್ಯಾಂಕಿನಲ್ಲಿ ಗುಮಾಸ್ತನಾಗಿ ಸೇರಿ ಅಧಿಕಾರಿಯಾಗಿ ಹೊರಬಿದ್ದವನು. ಬೆಳಗಾವಿ ಜಿಲ್ಲೆಯ ಎರಡು ಶಾಖೆಗಳಲ್ಲಿ ಹನ್ನೊಂದು ವರ್ಷ ಪಿಂಚಣಿ ಟೇಬಲ್ಲಿನ ಹಿಂದೆ ಕೂತಿದ್ದೆ. ಇವತ್ತು ಹೇಳುವ ಮಾತಿಗೆಲ್ಲ ಆ ಕುರ್ಚಿಯೇ ಮೂಲ. ಹಾಗಾಗಿ ತಪ್ಪಿದ್ದರೆ ಕುರ್ಚಿಯ ತಪ್ಪು ಅಂತ ಇಟ್ಟುಕೊಳ್ಳಿ.

2025ರ ಮೇ ತಿಂಗಳಲ್ಲಿ ಆಪರೇಷನ್ ಸಿಂಧೂರದ ಆ ನಾಲ್ಕು ದಿನ ನೆನಪಿದೆಯಲ್ಲ? ನನ್ನ ಮೊಬೈಲಿಗೆ ಒಂದೇ ಸಂದೇಶ ಏಳು ಗುಂಪುಗಳಿಂದ ಬಂತು. ಬಿಟ್ಟಿ ಭಾಗ್ಯ ಎಲ್ಲ ನಿಲ್ಲಿಸಿ, ಆ ದುಡ್ಡು ಸೈನ್ಯಕ್ಕೆ ಕೊಡಿ, ನಾನು ರೆಡಿ, ನೀವು? ಕೆಳಗೆ ಕೈಮುಗಿದ ಚಿತ್ರ, ತ್ರಿವರ್ಣ. ಕಳಿಸಿದವರಲ್ಲಿ ನನ್ನ ಷಡ್ಡಕರೂ ಒಬ್ಬರು. ಒಂದೆರಡು ವಾರ ಕಳೆದ ಮೇಲೆ ಉಲ್ಟಾ ಸಂದೇಶ ಬಂತು. ಒಂದು ಯುದ್ಧವಿಮಾನದ ದುಡ್ಡಿನಲ್ಲಿ ಎಷ್ಟು ಶಾಲೆ ಕಟ್ಟಬಹುದು, ಎಷ್ಟು ಮಕ್ಕಳಿಗೆ ಊಟ ಹಾಕಬಹುದು ಅಂತ ಪಟ್ಟಿ. ಅದನ್ನು ಕಳಿಸಿದವಳು ಅಣ್ಣನ ಮಗಳು, ಬೆಂಗಳೂರಿನಲ್ಲಿ ಓದುತ್ತಾಳೆ. ಇಬ್ಬರೂ ಒಳ್ಳೆಯವರೇ. ಇಬ್ಬರ ಲೆಕ್ಕವೂ ತಪ್ಪು.

ಷಡ್ಡಕರ ಲೆಕ್ಕ ತಪ್ಪಿದ್ದು ಮೊದಲ ಸಾಲಿನಲ್ಲೇ. ಗೃಹಲಕ್ಷ್ಮಿಯ 2,000 ರೂಪಾಯಿ ಕೊಡುವುದು ರಾಜ್ಯ ಸರ್ಕಾರ. ಸೈನ್ಯ ಕೇಂದ್ರದ್ದು. ನಮ್ಮ ರಾಜ್ಯದ 2025-26ರ ಬಜೆಟ್ಟು 4.09 ಲಕ್ಷ ಕೋಟಿ, ಅದರಲ್ಲಿ ಐದು ಗ್ಯಾರಂಟಿಗಳಿಗೆ ಇಟ್ಟದ್ದು ಸುಮಾರು 51,000 ಕೋಟಿ. ನಾಳೆ ಬೆಳಿಗ್ಗೆ ಐದನ್ನೂ ನಿಲ್ಲಿಸಿದರೂ ಅದರ ಒಂದು ರೂಪಾಯಿಯೂ ಸಿಯಾಚಿನ್‌ಗೆ ಹೋಗುವುದಿಲ್ಲ. ರಸ್ತೆಗೆ ಹೋಗಬಹುದು, ನೀರಾವರಿಗೆ ಹೋಗಬಹುದು, ಎಲ್ಲಿಗೆ ಹೋಗುತ್ತದೆಂದು ನಿಮಗೂ ಗೊತ್ತು, ಇನ್ನೆಲ್ಲಿಗೋ ಹೋಗಬಹುದು. (ನಗು.) ಅಣ್ಣ ತಮ್ಮ ಬೇರೆಯಾದ ಮೇಲೆ ತಮ್ಮನ ಅಡುಗೆಮನೆ ಖರ್ಚು ಕಡಿಮೆ ಮಾಡಿ ಅಣ್ಣನ ಹೊಲಕ್ಕೆ ಬೇಲಿ ಹಾಕಿಸಲು ಬರುತ್ತದೆಯೇ?

ಅಣ್ಣನ ಮಗಳ ಲೆಕ್ಕಕ್ಕೆ ಆಮೇಲೆ ಬರುತ್ತೇನೆ. ಅದಕ್ಕೆ ಮೊದಲು ನವೆಂಬರ್ ತಿಂಗಳ ನಮ್ಮ ಕೌಂಟರ್ ನೋಡಿ.

ನವೆಂಬರ್ ಅಂದರೆ ಪಿಂಚಣಿದಾರರು ತಾವು ಬದುಕಿದ್ದೇವೆ ಎಂದು ಬರೆದುಕೊಡುವ ತಿಂಗಳು. ಬೆಳಗಾವಿಯಲ್ಲಿ ಮರಾಠಾ ಲಘು ಪದಾತಿ ದಳದ ಕೇಂದ್ರ ಇರುವುದು ನಿಮಗೆ ಗೊತ್ತಿದೆ. ಸುತ್ತಲಿನ ಹಳ್ಳಿಗಳಲ್ಲಿ ಮನೆಗೊಬ್ಬ ಇಲ್ಲದಿದ್ದರೂ ಓಣಿಗೊಬ್ಬ ಮಾಜಿ ಸೈನಿಕ ಇದ್ದೇ ಇರುತ್ತಾನೆ. ಬ್ಯಾಂಕು ಬಾಗಿಲು ತೆಗೆಯುವ ಮೊದಲೇ ಅವರು ಬಂದು ನಿಂತಿರುತ್ತಿದ್ದರು. ಇಸ್ತ್ರಿ ಹಾಕಿದ ಅಂಗಿ, ಅಲಹಾಬಾದಿನಿಂದ ಬಂದ ಪಿಂಚಣಿ ಆದೇಶಕ್ಕೆ ಪ್ಲಾಸ್ಟಿಕ್ ಹೊದಿಕೆ, ಜೇಬಿನಲ್ಲಿ ಸ್ವಂತ ಪೆನ್ನು. ಅದೇ ದಿನ ಅದೇ ಪಾಳಿಯಲ್ಲಿ ವಿಧವಾ ವೇತನದವರು, ಸಂಧ್ಯಾ ಸುರಕ್ಷಾದವರು. ಅವರ ಪಾಸ್‌ಬುಕ್ಕು ಎಲಿ-ಅಡಿಕಿ ಚೀಲದಲ್ಲಿ ಇರುತ್ತಿತ್ತು, ತೆಗೆದರೆ ಸುಣ್ಣದ ವಾಸನೆ. ಆ ಕಡೆ ಈ ಎರಡಕ್ಕೂ ಒಂದೇ ಹೆಸರು: ಪಗಾರ. ಹವಾಲ್ದಾರರದ್ದೂ ಪಗಾರ, ಅಜ್ಜಿಯದ್ದೂ ಪಗಾರ. ನಮ್ಮ ಪುಸ್ತಕದಲ್ಲಿ ಅವಕ್ಕೆ ಬೇರೆ ಬೇರೆ ಕೋಡು, ಬೇರೆ ಬೇರೆ ಲೆಡ್ಜರು. ಮಂದಿಯ ಬಾಯಲ್ಲಿ ಒಂದೇ.

ಒಂದು ದಿನ ಒಬ್ಬ ಮುದುಕಿ ಕೌಂಟರಿಗೆ ಗದ್ದ ಊರಿ ನಿಂತಳು.

"ಯಪ್ಪಾ, ನನ್ನ ಪಗಾರ ಬಂದೈತೇನ ನೋಡೋ."

"ಬಂದೈತಿ ಯವ್ವಾ. ಎಂಟ್ನೂರು."

"ಇವಂದೆಷ್ಟ ಬರತೈತಿ?" ಪಕ್ಕದಲ್ಲಿ ನಿಂತ ಹವಾಲ್ದಾರರ ಕಡೆ ಕೈ ಮಾಡಿದಳು. ನಾನು ಹೇಳಲಿಲ್ಲ, ಹೇಳುವ ಹಾಗೂ ಇಲ್ಲ. ಹವಾಲ್ದಾರರೇ ನಕ್ಕು, "ನಂದು ಬಾರ್ಡರ್ ಕಾಯ್ದ ಪಗಾರ ಬೇ ಯವ್ವಾ" ಅಂದರು.

"ನಾಯೇನ ಮನ್ಯಾಗ ಕುಂತಿದ್ನ್ಯಾ? ನೀ ಅಲ್ಲಿ ಕಾಯೂ ಮುಂದ ಇಲ್ಲಿ ಜ್ವಾಳಾ ಬೆಳದಾಕಿ ಯಾರು?"

ದುಡ್ಡು ತೆಗೆಯಲು ಹೆಬ್ಬೆಟ್ಟು ಒತ್ತಬೇಕು. ಐವತ್ತು ವರ್ಷ ಕಳೆ ಕಿತ್ತ ಬೆರಳು. ಗೆರೆಗಳೆಲ್ಲ ಸವೆದು ನುಣ್ಣಗಾಗಿದ್ದವು. ಯಂತ್ರಕ್ಕೆ ಆಕೆ ಯಾರೆಂದು ತಿಳಿಯಲೊಲ್ಲದು. ಒಂದು ಸಲ, ಎರಡು ಸಲ, ಕೆಂಪು ದೀಪ. ಕೊನೆಗೆ ಹವಾಲ್ದಾರರೇ ತಮ್ಮ ಕರವಸ್ತ್ರದಿಂದ ಆಕೆಯ ಬೆರಳು ಉಜ್ಜಿ, ಗಾಜಿನ ಮೇಲೆ ಒತ್ತಿ ಹಿಡಿದರು. ನಾಲ್ಕನೆಯ ಸಲಕ್ಕೆ ಹಸಿರು ಬಂತು.

ಈಗ ಅಂಕಿ ಹೇಳುತ್ತೇನೆ. ನಿದ್ದೆ ಬಂದರೆ ಬರಲಿ, ಬೇಗ ಮುಗಿಸುತ್ತೇನೆ. ಕೇಂದ್ರದ 2025-26ರ ಬಜೆಟ್ಟು 50.65 ಲಕ್ಷ ಕೋಟಿ ರೂಪಾಯಿ. ರಕ್ಷಣೆಗೆ 6.81 ಲಕ್ಷ ಕೋಟಿ. ಅಂದರೆ ನೂರಕ್ಕೆ ಹದಿಮೂರುವರೆ. ಆಹಾರ ಸಬ್ಸಿಡಿ, ಅಂದರೆ ಸುಮಾರು 80 ಕೋಟಿ ಮಂದಿಗೆ ಹೋಗುವ ರೇಷನ್ ಅಕ್ಕಿ-ಗೋಧಿ, 2.03 ಲಕ್ಷ ಕೋಟಿ. ಉದ್ಯೋಗ ಖಾತ್ರಿಗೆ ಇಟ್ಟದ್ದು 86,000 ಕೋಟಿ. ಪಿಎಂ ಕಿಸಾನ್ 63,500 ಕೋಟಿ. ಈ ಮೂರನ್ನೂ ಕೂಡಿಸಿದರೂ ರಕ್ಷಣೆಯ ಬಾಬತ್ತಿನ ಅರ್ಧಕ್ಕಿಂತ ತುಸು ಹೆಚ್ಚು. ಈ ಎಲ್ಲಕ್ಕಿಂತ ದೊಡ್ಡದೊಂದು ಬಾಬತ್ತಿದೆ, ಅದರ ಬಗ್ಗೆ ಯಾರೂ ವಾಟ್ಸಾಪ್ ಕಳಿಸುವುದಿಲ್ಲ: ಹಿಂದೆ ಮಾಡಿದ ಸಾಲದ ಬಡ್ಡಿ, 12.76 ಲಕ್ಷ ಕೋಟಿ. ಸೈನ್ಯಕ್ಕೆ ಕೊಡುವುದರ ಹೆಚ್ಚುಕಡಿಮೆ ಎರಡು ಪಟ್ಟು.

ಸೈನ್ಯದ ಆ 6.81 ಲಕ್ಷ ಕೋಟಿಯನ್ನು ಬಿಚ್ಚಿ ನೋಡಿ. ಹೊಸ ವಿಮಾನ, ಹಡಗು, ತೋಪು ಇವಕ್ಕೆಲ್ಲ 1.80 ಲಕ್ಷ ಕೋಟಿ. ಪಿಂಚಣಿಗೆ 1.60 ಲಕ್ಷ ಕೋಟಿ. ಉಳಿದದ್ದರಲ್ಲಿ ಬಹುಪಾಲು ಸಂಬಳ, ಇಂಧನ, ಊಟ, ಬಟ್ಟೆ, ರಿಪೇರಿ. ಅಂದರೆ ನಾವು ಟಿವಿಯಲ್ಲಿ ನೋಡಿ ಎದೆಯುಬ್ಬಿಸುವ ಸಾಮಾನಿಗೆ ಹೋಗುವುದು ನೂರಕ್ಕೆ ಇಪ್ಪತ್ತಾರು, ನನ್ನ ಕೌಂಟರಿಗೆ ಬರುತ್ತಿದ್ದದ್ದು ನೂರಕ್ಕೆ ಇಪ್ಪತ್ತನಾಲ್ಕು. ರಕ್ಷಣಾ ವೆಚ್ಚ ಅಂದಾಗ ನಮ್ಮ ಕಣ್ಣಿಗೆ ವಿಮಾನ ಬರುತ್ತದೆ. ಅದರ ಕಾಲುಭಾಗ ಮುದುಕರ ಔಷಧಿ, ಮಗಳ ಮದುವೆ, ಮನೆಗೆ ಸ್ಲ್ಯಾಬು ಹಾಕಿಸಿದ್ದು.

ಇದನ್ನು ಕೇಳಿದ ಕೂಡಲೇ ಕೆಲವರು, ನೋಡಿ, ಪಿಂಚಣಿಯೇ ಸೈನ್ಯವನ್ನು ತಿನ್ನುತ್ತಿದೆ ಅನ್ನುತ್ತಾರೆ. ಪಿಂಚಣಿ ಟೇಬಲ್ಲಿನಲ್ಲಿ ಕೂತವರಿಗೆಲ್ಲ ಗೊತ್ತಿರುವ ಒಂದು ತಾರೀಕಿದೆ, 1982ರ ಡಿಸೆಂಬರ್ 17. ರಕ್ಷಣಾ ಇಲಾಖೆಯ ಹಣಕಾಸು ವಿಭಾಗದಿಂದ ನಿವೃತ್ತರಾದ ಡಿ.ಎಸ್. ನಕಾರಾ ಎಂಬವರು ಹೂಡಿದ್ದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟ ದಿನ. ಪಿಂಚಣಿ ಎಂಬುದು ಧಣಿ ಮನಸ್ಸು ಬಂದಾಗ ಕೊಡುವ ಇನಾಮಲ್ಲ, ದುಡಿದವನ ಹಕ್ಕು ಎಂದಿತು ಕೋರ್ಟು. ಅಷ್ಟಕ್ಕೇ ನಿಲ್ಲಲಿಲ್ಲ. ಮೈಯಲ್ಲಿ ಕಸುವಿದ್ದಾಗ ದುಡಿದವರನ್ನು ಮುಪ್ಪಿನಲ್ಲಿ ಕೈಬಿಡದಿರುವುದು ಸಾಮಾಜಿಕ, ಆರ್ಥಿಕ ನ್ಯಾಯದ ಮಾತು ಎಂದೂ ಹೇಳಿತು. ನಿವೃತ್ತ ನೌಕರರು ಇವತ್ತಿಗೂ ಆ ದಿನವನ್ನು ಪಿಂಚಣಿದಾರರ ದಿನ ಎಂದು ಆಚರಿಸುತ್ತಾರೆ, ಚಹಾ-ಬಿಸ್ಕೀಟು ಇರುತ್ತದೆ, ನಾನೂ ಹೋಗುತ್ತೇನೆ.

ನನ್ನ ತಕರಾರು ಇಲ್ಲಿಂದ ಶುರು. ಮೈಯಲ್ಲಿ ಕಸುವಿದ್ದಾಗ ದುಡಿದವರು ಅಂದರೆ ಯಾರು? ಕೋರ್ಟಿನ ಮುಂದೆ ಇದ್ದವರು ಸರ್ಕಾರದ ನೌಕರರು, ನಿಜ. ಆದರೆ ಆ ಮಾತನ್ನು ಓದಿದಾಗಲೆಲ್ಲ ನನಗೆ ಸವೆದ ಹೆಬ್ಬೆಟ್ಟಿನವಳು ನೆನಪಾಗುತ್ತಾಳೆ. ರಕ್ಷಣಾ ಪಿಂಚಣಿದಾರರು ಸುಮಾರು 34 ಲಕ್ಷ, ಅವರಿಗೆ 1.60 ಲಕ್ಷ ಕೋಟಿ. ಬಡ ಮುದುಕರು, ವಿಧವೆಯರು, ಅಂಗವಿಕಲರಿಗೆ ಕೇಂದ್ರ ಕೊಡುವ ಸಾಮಾಜಿಕ ನೆರವಿನವರು ಸುಮಾರು 3 ಕೋಟಿ, ಅವರಿಗೆ ಇಟ್ಟದ್ದು 9,652 ಕೋಟಿ. ಅರವತ್ತು ದಾಟಿದ ಬಡವರಿಗೆ ಕೇಂದ್ರದ ಪಾಲು ತಿಂಗಳಿಗೆ 200 ರೂಪಾಯಿ, ಎಂಬತ್ತು ದಾಟಿದರೆ 500. ಈ 200 ಎಂಬ ಅಂಕಿ 2007ರ ಆಸುಪಾಸಿನಿಂದ ಅಲ್ಲಾಡಿಲ್ಲ. ಕಾಂಗ್ರೆಸ್ಸು ಇದ್ದಾಗಲೂ 200, ಬಿಜೆಪಿ ಬಂದ ಮೇಲೂ 200. ಇಷ್ಟು ಒಗ್ಗಟ್ಟು ಬೇರೆ ಯಾವ ವಿಷಯದಲ್ಲೂ ನಾನು ಕಂಡಿಲ್ಲ. (ನಗು.) ನಮ್ಮ ರಾಜ್ಯ ತನ್ನದನ್ನು ಸೇರಿಸಿ ಅದನ್ನು 800, 1,200 ಮಾಡಿ ಕೊಡುತ್ತದೆ. ಸೈನಿಕನ ಪಿಂಚಣಿ ಕಡಿಮೆಯಾಗಲಿ ಎಂದು ನಾನು ಹೇಳುತ್ತಿಲ್ಲ, ದಯವಿಟ್ಟು ಹೊರಗೆ ಹೋಗಿ ಹಾಗೆ ಹೇಳಬೇಡಿ, ಇಲ್ಲೇ ಮೂರು ಜನ ಮಾಜಿ ಸೈನಿಕರು ಕೂತಿದ್ದಾರೆ. ನನ್ನ ಪ್ರಶ್ನೆ, ಮುಪ್ಪಿನ ಬೆಲೆ ಕಟ್ಟುವಾಗ ಒಬ್ಬರಿಗೆ ತುಟ್ಟಿಭತ್ಯೆ ಸೇರಿಸಿ ವರ್ಷಕ್ಕೆರಡು ಸಲ ಏರಿಸುವ ದೇಶ ಇನ್ನೊಬ್ಬರಿಗೆ ಹದಿನೆಂಟು ವರ್ಷ ಅದೇ 200 ಇಡುವುದು ಹೇಗೆ ಎಂಬುದು.

ಪಿಂಚಣಿ ಭಾರ ಸುಳ್ಳು ಅಂತಲೂ ನಾನು ಹೇಳುವುದಿಲ್ಲ. ಸಮಾನ ಶ್ರೇಣಿಗೆ ಸಮಾನ ಪಿಂಚಣಿ ಆದೇಶ 2015ರ ನವೆಂಬರ್‌ನಲ್ಲಿ ಬಂತು, 2014ರ ಜುಲೈ 1ರಿಂದ ಲೆಕ್ಕ. ಐದು ವರ್ಷಕ್ಕೊಮ್ಮೆ ಪರಿಷ್ಕರಣೆ. ಆ ಬಾಕಿ ಜಮೆಯಾದ ವಾರ ನಮ್ಮ ಶಾಖೆಯಲ್ಲಿ ಪೇಢೆ ಹಂಚಿದವರಿದ್ದಾರೆ. ಸಿಪಾಯಿ ಮೂವತ್ತೈದು, ನಲವತ್ತಕ್ಕೆ ನಿವೃತ್ತನಾಗುತ್ತಾನೆ, ಆಮೇಲೆ ಮೂವತ್ತು ನಲವತ್ತು ವರ್ಷ ಪಿಂಚಣಿ. ಭಾರ ಇದ್ದೇ ಇದೆ. ಅದನ್ನು ಯಾರ ತಲೆಯ ಮೇಲೆ ಇಳಿಸಿದರು ನೋಡಿ. 2022ರ ಜೂನ್‌ನಲ್ಲಿ ಸಿಪಾಯಿಗಳ ಭರ್ತಿಗೆ ಅಗ್ನಿಪಥ ಯೋಜನೆ ಬಂತು. ನಾಲ್ಕು ವರ್ಷ ಸೇವೆ, ನೂರಕ್ಕೆ ಇಪ್ಪತ್ತೈದು ಜನರನ್ನು ಉಳಿಸಿಕೊಳ್ಳುವುದು, ಮಿಕ್ಕವರಿಗೆ 11.71 ಲಕ್ಷದಷ್ಟು ಸೇವಾನಿಧಿ ಕೊಟ್ಟು ಮನೆಗೆ. ಪಿಂಚಣಿ ಇಲ್ಲ. ಕತ್ತರಿ ಹಾಕಿದ್ದು ಕೆಳಗಿನ ಮೆಟ್ಟಿಲಿಗೆ ಮಾತ್ರ, ಅಧಿಕಾರಿಗಳ ಮೆಟ್ಟಿಲಿಗೆ ಮುಟ್ಟಲಿಲ್ಲ. ಬೇರೆ ದಾರಿ ಇರಲಿಲ್ಲವೇ? ಕಾರ್ಗಿಲ್ ಯುದ್ಧದ ನಂತರ ರಕ್ಷಣಾ ತಜ್ಞ ಕೆ. ಸುಬ್ರಹ್ಮಣ್ಯಂ ಅವರ ಸಮಿತಿ ಒಂದು ದಾರಿ ಹೇಳಿತ್ತು. ಸೈನ್ಯದಲ್ಲಿ ಏಳರಿಂದ ಹತ್ತು ವರ್ಷ ಇರಲಿ, ಆಮೇಲೆ ಅವರನ್ನು ಅರೆಸೇನಾ ಪಡೆಗಳಿಗೆ ತೆಗೆದುಕೊಳ್ಳಿ ಎಂದು. ಸೈನ್ಯ ಹರೆಯದ್ದಾಗಿ ಉಳಿಯುತ್ತದೆ, ಪಿಂಚಣಿ ತಡವಾಗಿ ಶುರುವಾಗುತ್ತದೆ, ತರಬೇತಾದ ಮನುಷ್ಯ ಖಾಲಿ ಕೂರುವುದಿಲ್ಲ. ಆ ಪಡೆಗಳವರು ಒಪ್ಪಲೊಲ್ಲರು, ತಮ್ಮ ನೇಮಕಾತಿ ತಮ್ಮ ಕೈಲಿರಲಿ ಅನ್ನುತ್ತಾರೆ. ಅಗ್ನಿಪಥದಲ್ಲಿ ಸೇರಿದ ಅಗ್ನಿವೀರರಿಗೆ ಅಲ್ಲಿ 2022ರಲ್ಲಿ ನೂರಕ್ಕೆ ಹತ್ತು ಮೀಸಲಾತಿ ಇಟ್ಟರು. ನನಗೆ ಅದು ಸಾಲದು. ಇದು ನನ್ನ ಅಭಿಪ್ರಾಯ, ಒಪ್ಪದವರು ಆಮೇಲೆ ಎದ್ದು ಹೇಳಿ.

ನಮ್ಮ ಓಣಿಯಲ್ಲಿ ಒಬ್ಬ ಹುಡುಗನಿದ್ದಾನೆ. ಎರಡು ವರ್ಷ ಬೆಳಗಿನ ಐದಕ್ಕೆ ಎದ್ದು ಬೈಪಾಸ್ ರಸ್ತೆಯಲ್ಲಿ ಓಡಿದ. 1,600 ಮೀಟರನ್ನು ಐದೂವರೆ ನಿಮಿಷದೊಳಗೆ ಓಡಿದರೆ ಪೂರ್ತಿ ಅಂಕ, ಇವನು ಐದು ನಿಮಿಷ ಹತ್ತು ಸೆಕೆಂಡಿಗೆ ತಂದಿದ್ದ. ಭರ್ತಿಗೆ ಹೋದ. ನಮ್ಮ ಕಡೆಯವರಿಗೆ ಎತ್ತರ 166 ಸೆಂಟಿಮೀಟರ್ ಬೇಕು, ಇವನು 164. ಅಳತೆ ಕಂಬದ ಕೆಳಗೆ ಬೆನ್ನು ಸೆಟೆಸಿ ಸೆಟೆಸಿ ನಿಂತನಂತೆ. ಹಿಮ್ಮಡಿ ಎತ್ತಿದ್ದು ಗೊತ್ತಾಗಿ ಹವಾಲ್ದಾರ ಮೆಲ್ಲಗೆ ಭುಜ ಒತ್ತಿದನಂತೆ. ಮನೆಗೆ ಬಂದ ಮೇಲೆ ಅವನ ತಾಯಿ ನಮ್ಮ ಮನೆಯವಳ ಹತ್ತಿರ, "ಸಣ್ಣವಿದ್ದಾಗ ಹಾಲು ಕಮ್ಮಿ ಬಿತ್ತೇನ್ರಿ ವೈನೀ?" ಅಂತ ಕೇಳಿದಳು.

ಎತ್ತರ ಅನ್ನುವುದು ಹಾಲೊಂದರಿಂದ ಬರುವುದಿಲ್ಲ, ಅಪ್ಪ-ಅಮ್ಮನ ಎತ್ತರವೂ ಬೇಕು. ಆದರೆ ಆ ತಾಯಿ ಕೇಳಿದ ಪ್ರಶ್ನೆಯನ್ನು ದೊಡ್ಡ ದೊಡ್ಡ ಸಾಮ್ರಾಜ್ಯಗಳೇ ಕೇಳಿಕೊಂಡಿವೆ. 1899ರಿಂದ 1902ರವರೆಗೆ ಬ್ರಿಟಿಷರು ದಕ್ಷಿಣ ಆಫ್ರಿಕಾದಲ್ಲಿ ಬೋಯರ್ ಯುದ್ಧ ಮಾಡಿದರು. ಸೈನ್ಯಕ್ಕೆ ಸೇರಲು ಮ್ಯಾಂಚೆಸ್ಟರ್‌ನಂಥ ಗಿರಣಿ ಊರುಗಳಿಂದ ಬಂದ ಹುಡುಗರಲ್ಲಿ ದೊಡ್ಡ ಪಾಲನ್ನು ವೈದ್ಯರು ವಾಪಸ್ ಕಳಿಸಬೇಕಾಯಿತು. ಎದೆ ಸಣಕಲು, ಹಲ್ಲು ಹುಳುಕು, ಕಾಲು ಸೊಟ್ಟ. ಜಗತ್ತನ್ನೇ ಆಳುವ ದೇಶಕ್ಕೆ ಬಂದೂಕು ಹಿಡಿಯುವ ಕೈ ಸಿಗಲಿಲ್ಲ. ಅದಕ್ಕೊಂದು ಸಮಿತಿ ಕೂತಿತು, 1904ರಲ್ಲಿ ವರದಿ ಕೊಟ್ಟಿತು, 1906ರಲ್ಲಿ ಬಡಮಕ್ಕಳಿಗೆ ಶಾಲೆಯಲ್ಲಿ ಊಟ ಹಾಕಲು ಕಾಯ್ದೆ ಬಂತು. ಅಮೆರಿಕ 1946ರಲ್ಲಿ ಶಾಲಾ ಊಟದ ಕಾಯ್ದೆ ಮಾಡಿದಾಗ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಇದು ರಾಷ್ಟ್ರದ ಭದ್ರತೆಯ ಕ್ರಮ ಎಂದು ಕಾಯ್ದೆಯ ಆರಂಭದಲ್ಲೇ ಬರೆದುಕೊಂಡಿತು. ಮಕ್ಕಳ ತಟ್ಟೆಗೆ ಹಾಕುವ ಊಟದ ಬಗ್ಗೆ ಬರೆದ ಮಾತು ಇದು. ಅಲ್ಲಿ ಯಾರೂ ಅದನ್ನು ಬಿಟ್ಟಿ ಭಾಗ್ಯ ಅಂದಿರಲಿಕ್ಕಿಲ್ಲ, ಅಥವಾ ಅಂದಿದ್ದರೂ ಅಂದಿರಬಹುದು, ಷಡ್ಡಕರು ಎಲ್ಲ ದೇಶದಲ್ಲೂ ಇರುತ್ತಾರೆ.

ನಮ್ಮಲ್ಲಿ ಅಕ್ಷರ ದಾಸೋಹ 2002ರಲ್ಲಿ ಶುರುವಾಯಿತು. 2013ರಲ್ಲಿ ಕ್ಷೀರಭಾಗ್ಯದ ಹಾಲು ಬಂತು. ಮೊಟ್ಟೆ ಬರಲು ಇನ್ನೂ ಎಂಟೊಂಬತ್ತು ವರ್ಷ ಬೇಕಾಯಿತು, ಅದಕ್ಕೆ ಎಷ್ಟು ಗದ್ದಲವಾಯಿತು ಅಂತ ನೋಡಿದ್ದೀರಿ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 35 ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಇಲ್ಲದವರು. 2019-21ರ ಅಂಕಿ ಇದು. ಆ ಮಕ್ಕಳು ಹದಿನೆಂಟಾಗುವ ಹೊತ್ತಿಗೆ ಅವರಲ್ಲಿ ಕೆಲವರು ಅದೇ ಅಳತೆ ಕಂಬದ ಕೆಳಗೆ ನಿಲ್ಲುತ್ತಾರೆ.

ಅಣ್ಣನ ಮಗಳ ಲೆಕ್ಕಕ್ಕೆ ಬರುತ್ತೇನೆ ಅಂದಿದ್ದೆ. ವಿಮಾನ ಬೇಡ, ಶಾಲೆ ಸಾಕು ಅಂತ ಅವಳ ವಾದ. 1962ರಲ್ಲಿ ನಾವು ಹೆಚ್ಚುಕಡಿಮೆ ಆ ವಾದದ ಮೇಲೇ ನಿಂತಿದ್ದೆವು. ಕೊಡಗಿನ ಜನರಲ್ ತಿಮ್ಮಯ್ಯನವರು ಸೇನಾ ಮುಖ್ಯಸ್ಥರಾಗಿದ್ದಾಗ ರಕ್ಷಣಾ ಸಚಿವ ಕೃಷ್ಣ ಮೆನನ್ ಜೊತೆ ಬಿರುಕು ಬಿಟ್ಟು 1959ರಲ್ಲಿ ರಾಜೀನಾಮೆ ಬರೆದುಕೊಟ್ಟಿದ್ದರು, ನೆಹರೂ ಹೇಳಿದ ಮೇಲೆ ವಾಪಸ್ ತೆಗೆದುಕೊಂಡರು. ಮೂರು ವರ್ಷದ ನಂತರ ಚೀನಾ ಗಡಿಗೆ ನಮ್ಮ ಹುಡುಗರನ್ನು ಹತ್ತಿಯ ಬಟ್ಟೆ, ಕ್ಯಾನ್ವಾಸ್ ಬೂಟಿನಲ್ಲಿ ಹತ್ತಿಸಿದರು. ಆಗ ದೇಶದ ಹೆಣ್ಣುಮಕ್ಕಳು ಕೈಯ ಬಳೆ ಬಿಚ್ಚಿ ರಕ್ಷಣಾ ನಿಧಿಗೆ ಕೊಟ್ಟರು. ಬೇಲಿ ಹಾಕುವ ಹೊತ್ತಿಗೆ ಹಾಕದಿದ್ದರೆ ಆಮೇಲೆ ಬಳೆ ಬಿಚ್ಚಬೇಕಾಗುತ್ತದೆ, ಅದನ್ನು ಅವಳಿಗೆ ಹೇಳಿದೆ. ಅವಳು, ಸರಿ ಚಿಕ್ಕಪ್ಪ, ಆದರೆ ಬಳೆಯೇ ಇಲ್ಲದವರು? ಅಂದಳು. ನನಗೆ ಆಗ ಉತ್ತರ ಹೊಳೆಯಲಿಲ್ಲ. ಮನೆಗೆ ಬಂದು ಯೋಚಿಸಿದಾಗ 1965 ನೆನಪಾಯಿತು.

1965ರಲ್ಲಿ ಪಾಕಿಸ್ತಾನದ ಮೇಲೆ ಯುದ್ಧ. ಅದೇ ಹೊತ್ತಿಗೆ ಬರ. ನಾವು ಉಣ್ಣುತ್ತಿದ್ದ ಗೋಧಿ ಅಮೆರಿಕದ ಪಿಎಲ್-480 ಎಂಬ ಆಹಾರ ನೆರವಿನ ಯೋಜನೆಯಲ್ಲಿ ಹಡಗಿನಲ್ಲಿ ಬರುತ್ತಿತ್ತು. ಹಡಗಿನಿಂದ ನೇರ ಬಾಯಿಗೆ, ಗೋದಾಮಿನಲ್ಲಿ ಇಡುವಷ್ಟು ಇಲ್ಲ. ಯುದ್ಧ ಶುರುವಾದ ಮೇಲೆ ಅಧ್ಯಕ್ಷ ಜಾನ್ಸನ್ ಆ ಗೋಧಿಯನ್ನು ಬಿಗಿಹಿಡಿದು, ಚೂರು ಚೂರು ಬಿಡತೊಡಗಿದ. ನಮ್ಮ ಸೈನ್ಯ ಲಾಹೋರಿನ ದಿಕ್ಕಿಗೆ ಹೋಗಿತ್ತು, ನಮ್ಮ ಅನ್ನದ ಕೀಲಿಕೈ ವಾಷಿಂಗ್ಟನ್ನಿನಲ್ಲಿತ್ತು. ಶಾಸ್ತ್ರಿಯವರು ವಾರಕ್ಕೊಂದು ಹೊತ್ತು ಊಟ ಬಿಡಿ ಎಂದು ಜನರನ್ನು ಕೇಳಿಕೊಂಡರು. ನಮ್ಮ ತಂದೆಯ ಕಾಲದವರು ಸೋಮವಾರ ರಾತ್ರಿ ಉಪವಾಸ ಮಾಡುತ್ತಿದ್ದದ್ದನ್ನು ಇಲ್ಲಿರುವ ಹಿರಿಯರು ಕಂಡಿರಬಹುದು. ಹೊಟೇಲುಗಳೂ ಮುಚ್ಚುತ್ತಿದ್ದವು. ಜೈ ಜವಾನ್ ಜೈ ಕಿಸಾನ್ ಎಂಬ ಘೋಷಣೆ ಆ ವರ್ಷದ್ದು. ಆಹಾರ ನಿಗಮ ಹುಟ್ಟಿದ್ದೂ ಅದೇ 1965ರ ಜನವರಿಯಲ್ಲಿ. ಆಮೇಲೆ ಕೃಷಿ ಸಚಿವ ಸಿ. ಸುಬ್ರಮಣಿಯಂ, ವಿಜ್ಞಾನಿ ಸ್ವಾಮಿನಾಥನ್, ಹೊಸ ಗೋಧಿ ತಳಿ, ಹಸಿರು ಕ್ರಾಂತಿ. ಇವತ್ತು ನಿಮ್ಮ ನ್ಯಾಯಬೆಲೆ ಅಂಗಡಿಗೆ ಬರುವ ಅಕ್ಕಿ ಚೀಲ ಬರುವುದು ಆ ಕಾಲದ ಹೆದರಿಕೆಯಿಂದ ಹುಟ್ಟಿದ ಗೋದಾಮಿನಿಂದ. ಗೋದಾಮು ಕಟ್ಟಿದ್ದು, ರೈತನಿಗೆ ಬೆಂಬಲ ಬೆಲೆ ಕೊಟ್ಟಿದ್ದು, ಅದನ್ನು ಬಡವರಿಗೆ ಹಂಚಿದ್ದು, ಇದೆಲ್ಲ ಸಬ್ಸಿಡಿ ಎಂಬ ಕಾಲಂನಲ್ಲಿ ಬರೆದಿರುತ್ತದೆ. ನನ್ನನ್ನು ಕೇಳಿದರೆ ಅದರಲ್ಲಿ ಅರ್ಧವನ್ನಾದರೂ ರಕ್ಷಣೆಯ ಕಾಲಂನಲ್ಲಿ ಬರೆಯಬೇಕು. ಅಜ್ಜಿ ಕೌಂಟರಿನಲ್ಲಿ ಜೋಳದ ಮಾತು ಆಡಿದಾಗ ನಾನು ನಕ್ಕಿದ್ದೆ. ಇದೆಲ್ಲ ಓದಿದ ಮೇಲೆ ನಗು ಬರುವುದಿಲ್ಲ.

ಹಾಗಾದರೆ ಸೈನ್ಯಕ್ಕೆ ಇನ್ನೂ ದುಡ್ಡು ಕೊಡಬೇಕೇ? ಕೊಡಬೇಕು. ಜೊತೆಗೆ ಲೆಕ್ಕವನ್ನೂ ಕೇಳಬೇಕು. ಲೆಕ್ಕ ಕೇಳಿದರೆ ದೇಶದ್ರೋಹ ಅನ್ನುವವರ ಜೊತೆ ನನಗೆ ಸಿಟ್ಟಿದೆ. 2020ರ ಫೆಬ್ರವರಿಯಲ್ಲಿ ಮಹಾಲೇಖಪಾಲರ ವರದಿಯೊಂದು ಸಂಸತ್ತಿಗೆ ಬಂತು. ಸಿಯಾಚಿನ್, ಲಡಾಖ್‌ನಂಥ ಎತ್ತರದ ಜಾಗದಲ್ಲಿರುವ ಯೋಧರಿಗೆ ಹಿಮದ ಬೂಟು, ಕನ್ನಡಕ, ಜಾಕೀಟು ಸಾಕಷ್ಟು ಸಿಗುತ್ತಿಲ್ಲ, ಪೌಷ್ಟಿಕ ಆಹಾರದಲ್ಲೂ ಕೊರತೆ ಇದೆ ಎಂದು ಅದರಲ್ಲಿತ್ತು. 1962ರ ಕ್ಯಾನ್ವಾಸ್ ಬೂಟಿನ ಕತೆ ಕೇಳಿ ಕಣ್ಣೀರು ಹಾಕುವ ನಾವು ಈ ಬೂಟಿನ ಬಗ್ಗೆ ಎಷ್ಟು ಜನ ಓದಿದೆವು? ವಿಚಿತ್ರ ಅಂದರೆ, ಆ ಎತ್ತರಕ್ಕೆ ಹೋದರೂ ಕೆಡದ ಚಪಾತಿ, ಉಪ್ಪಿಟ್ಟು ಹೇಗೆ ಮಾಡಬೇಕೆಂದು ಸಂಶೋಧನೆ ಮಾಡುವ ರಕ್ಷಣಾ ಆಹಾರ ಪ್ರಯೋಗಾಲಯ 1961ರಲ್ಲಿ ಶುರುವಾದದ್ದು ನಮ್ಮ ಮೈಸೂರಿನಲ್ಲೇ.

ಇನ್ನೊಂದು ಲೆಕ್ಕ. 2024-25ರಲ್ಲಿ ಹೊಸ ಸಾಮಾನು ಕೊಳ್ಳಲು ಸೈನ್ಯಕ್ಕೆ 1.72 ಲಕ್ಷ ಕೋಟಿ ಇಟ್ಟಿದ್ದರು. ವರ್ಷದ ಕೊನೆಗೆ ಪರಿಷ್ಕರಿಸುವಾಗ ಅದು 1.59 ಲಕ್ಷ ಕೋಟಿಗೆ ಇಳಿಯಿತು. ದುಡ್ಡು ಇದ್ದೂ ಖರೀದಿ ಆಗಲಿಲ್ಲ. ಬೆಂಗಳೂರಿನ ಎಚ್‌ಎಎಲ್‌ಗೆ 2021ರ ಫೆಬ್ರವರಿಯಲ್ಲಿ 83 ತೇಜಸ್ ವಿಮಾನಗಳ ಗುತ್ತಿಗೆ ಕೊಟ್ಟರು, ಮೊದಲನೆಯದು 2024ರ ಆರಂಭದಲ್ಲಿ ಬರಬೇಕಿತ್ತು. ಎಂಜಿನ್ ಅಮೆರಿಕದ್ದು, ಅದೇ ತಡ. ಅದರ ಮೊದಲ ಎಂಜಿನ್ ಬಂದದ್ದೇ 2025ರ ಮಾರ್ಚ್‌ನಲ್ಲಿ. 2025ರ ಫೆಬ್ರವರಿಯ ಯಲಹಂಕ ವಿಮಾನ ಪ್ರದರ್ಶನದಲ್ಲಿ ವಾಯುಪಡೆ ಮುಖ್ಯಸ್ಥರೇ ಎಚ್‌ಎಎಲ್ ಮೇಲೆ ತಮಗೆ ಭರವಸೆ ಬರುತ್ತಿಲ್ಲ ಎಂಬ ಅರ್ಥದ ಮಾತಾಡಿದ್ದು ಟಿವಿಯಲ್ಲೆಲ್ಲ ಬಂತು. ಸೆಪ್ಟೆಂಬರ್‌ನಲ್ಲಿ ಮಿಗ್-21 ನಿವೃತ್ತಿಯಾಯಿತು. 42 ಸ್ಕ್ವಾಡ್ರನ್, ಅಂದರೆ ಯುದ್ಧವಿಮಾನಗಳ ತುಕಡಿ, ಇರಬೇಕಾದ ವಾಯುಪಡೆಯಲ್ಲಿ ಉಳಿದದ್ದು 29. ಇಷ್ಟರಲ್ಲಿ ಎಲ್ಲಿಯೂ ಗೃಹಲಕ್ಷ್ಮಿಯ ಕೈ ನನಗೆ ಕಾಣಲಿಲ್ಲ.

ಭಾಗ್ಯಗಳ ಬಗ್ಗೆಯೂ ಎರಡು ಮಾತು ಹೇಳದಿದ್ದರೆ ಪಕ್ಷಪಾತವಾದೀತು. ನನ್ನ ಮನೆಗೆ ತಿಂಗಳು ತಿಂಗಳು ಸೊನ್ನೆ ಕರೆಂಟು ಬಿಲ್ಲು ಬರುತ್ತದೆ. ನನಗೆ ಪಿಂಚಣಿ ಇದೆ, ಮಗ ದುಡಿಯುತ್ತಾನೆ. ಸೇವಾಸಿಂಧುವಿನಲ್ಲಿ ಅರ್ಜಿ ಹಾಕಿದವನೂ ನಾನೇ, ಯಾರೂ ಕೈಹಿಡಿದು ಹಾಕಿಸಲಿಲ್ಲ. ಆ ಬಿಲ್ಲು ನೋಡಿದಾಗ ಮೊದಮೊದಲು ಮುಜುಗರ ಆಗುತ್ತಿತ್ತು, ಈಗ ಅಭ್ಯಾಸವಾಗಿದೆ. ಇದು ತಪ್ಪು. ನನ್ನಂಥವನ 200 ಯೂನಿಟ್ಟು ಉಳಿಸಿದರೆ ಕೌಂಟರಿನ ಆ ಮುದುಕಿಯ 800 ಸಾವಿರವಾದರೂ ಆದೀತು. ಎರಡೂ ಒಂದೇ ಸರ್ಕಾರದ್ದು, ಒಂದೇ ಪೆಟ್ಟಿಗೆ. ಇಲ್ಲಿ ಷಡ್ಡಕರ ಗಣಿತ ಸರಿಹೋಗುತ್ತದೆ. ಭಾಗ್ಯಗಳನ್ನು ನಿಲ್ಲಿಸಿ ಅನ್ನುವ ನಮ್ಮ ಗುಂಪಿನ ಮಂದಿಯಲ್ಲಿ ಸೊನ್ನೆ ಬಿಲ್ಲು ಬೇಡ ಎಂದು ಬರೆದುಕೊಟ್ಟವರನ್ನು ನಾನು ಇನ್ನೂ ಕಂಡಿಲ್ಲ.

ಇಲ್ಲಿಗೆ ನನ್ನ ಮಾತು ಮುಗಿಯಿತು, ಪ್ರಶ್ನೆ ಶುರುವಾಯಿತು.

ಮುಂದಿನ ಸಾಲಿನಲ್ಲಿ ಕೂತಿದ್ದ ಒಬ್ಬ ನಿವೃತ್ತ ಸುಬೇದಾರರು ಎದ್ದರು. "ಮಾತು ಚಲೋ ಆತ್ರಿ. ಆದ್ರ ನಮ್ಮ ಪಗಾರ, ಆ ಮುದುಕಿ ಪಗಾರ ಒಂದ ತಕ್ಕಡ್ಯಾಗ ಇಟ್ರಿ ನೋಡ್ರಿ, ಅದು ನನಗ ಸರಿ ಬರಲಿಲ್ಲ. ಹದಿನೇಳು ವರ್ಷದಾಗ ಹನ್ನೊಂದು ದೀಪಾವಳಿ ನಾ ಮನ್ಯಾಗಿದ್ದಿಲ್ಲ." ನಾನು, ತಕ್ಕಡಿಯಲ್ಲಿ ಇಟ್ಟದ್ದು ನಿಜ, ಸಮ ತೂಗುತ್ತದೆ ಅಂತ ಹೇಳಲಿಲ್ಲ, ಆ ಕಡೆ ತಟ್ಟೆಯಲ್ಲಿ 200 ಮಾತ್ರ ಇದೆ ಅಂತ ತೋರಿಸಿದೆ ಅಂದೆ. ಅವರು ತಲೆ ಅಲ್ಲಾಡಿಸಿದರು, ಹೌದು ಅಂತಲೋ ಇಲ್ಲ ಅಂತಲೋ ಗೊತ್ತಾಗಲಿಲ್ಲ. ಕಾಲೇಜು ಹುಡುಗನೊಬ್ಬ, ನಿಮ್ಮ ಕೈಗೆ ನೂರು ರೂಪಾಯಿ ಹೆಚ್ಚಿಗೆ ಕೊಟ್ಟರೆ ಎಲ್ಲಿ ಖರ್ಚು ಮಾಡುತ್ತೀರಿ ಅಂತ ಕೇಳಿದ. ಮೂವತ್ತು ರೂಪಾಯಿ ಆ ಇನ್ನೂರನ್ನು ಏರಿಸಲಿಕ್ಕೆ, ಮೂವತ್ತು ಅಂಗನವಾಡಿ ಮೊಟ್ಟೆಗೆ, ಮೂವತ್ತು ಬೂಟಿಗೆ ಮತ್ತು ಎಂಜಿನ್ನಿಗೆ ಅಂದೆ. ಉಳಿದ ಹತ್ತು? ಲೆಕ್ಕ ಬರೆಯುವವನ ಸಂಬಳಕ್ಕೆ. ಎಲ್ಲರೂ ನಕ್ಕರು, ಸುಬೇದಾರರು ನಗಲಿಲ್ಲ.

ಚಹಾ ಕುಡಿಯುವಾಗ ಅವರೇ ಹತ್ತಿರ ಬಂದರು. ಅಂಗಿಯ ಒಳಜೇಬಿನಿಂದ ಪ್ಲಾಸ್ಟಿಕ್ ಹೊದಿಕೆಯ ಕಾಗದ ತೆಗೆದರು. "ಇದರಾಗ ಮನೆಯವರ ಹೆಸರು ತಪ್ಪ ಬಿದ್ದೈತ್ರಿ. ನಾಳೆ ನಾ ಹೋದ್ರ ಆಕಿಗೆ ಪಗಾರ ಹಾಯೂದಿಲ್ಲ ಅಂತಾರ. ಎರಡ ವರ್ಷ ಆತು, ತಿದ್ದವಲ್ಲರು. ನೋಡ್ತೀರೇನು?" ಕನ್ನಡಕ ಹಾಕಿಕೊಂಡು ನೋಡಿದೆ. ಶಾಂತವ್ವ ಅನ್ನುವುದು ಶಾಂತಾಬಾಯಿ ಆಗಿತ್ತು. ಇದಕ್ಕೆ ಏನೇನು ಕಾಗದ ಬೇಕು ಅಂತ ಕರಪತ್ರದ ಹಿಂಬದಿಯಲ್ಲಿ ಬರೆಯುತ್ತಿದ್ದಾಗ ವಾಚನಾಲಯದ ಕಸ ಗುಡಿಸುವ ಹೆಣ್ಣುಮಗಳು ಪೊರಕೆ ಗೋಡೆಗೆ ಆನಿಸಿ, ಸೊಂಟದಿಂದ ಪಾಸ್‌ಬುಕ್ಕು ತೆಗೆದು, ಸುಬೇದಾರರ ಹಿಂದೆ ನಿಂತಳು.